ಕೂಸು ಚುರುಕಾಗ್ಲಿಲ್ಲಂದ್ರ ಸೊಸಿ ತಪ್ಪೇನ್ರಿ?

ನಮ್ಮ ಅಥಣಿ ರಸ್ತೆ ಕಡೆ ಕೂಸು ಮಾತು ಕಲಿಯೂದು ಸ್ವಲ್ಪ ತಡಾ ಆತಂದ್ರ ಹಡದಾಕಿಗೇ ಮೊದಲ ಕೇಳ್ತಾರ, "ನೀ ಸರಿಯಾಗಿ ಮಲಿ ಕುಡಿಸಿಲ್ಲೇನವಾ?" ಅಂತ. ಮಗನ್ನ ಯಾರೂ ಕೇಳಂಗಿಲ್ಲ. ಇದು ನನಗ ಸರಿ ಅನಸಂಗಿಲ್ರಿ.

ಎದಿಹಾಲು ಬೇಕೇ ಬೇಕು, ಅದರಾಗ ಎರಡು ಮಾತಿಲ್ಲ. ಹಡದ ಒಂದು ತಾಸಿನಾಗ ಕೂಸಿನ್ನ ಎದಿಗೆ ಹಚ್ಚಬೇಕು. 6 ತಿಂಗಳ ತನಕ ಬರೇ ಎದಿಹಾಲು, ನೀರೂ ಬ್ಯಾಡ. ಆಮ್ಯಾಲ ಊಟದ ಜೋಡಿ 2 ವರ್ಷ ತನಕ ಕುಡಸ್ರಿ. ಮೊದಲಿನ ಹಳದಿ ಗಿಣ್ಣದ ಹಾಲು ಹಿಂಡಿ ಚೆಲ್ಲಿ, ಜೇನತುಪ್ಪದಾಗ ಬಜಿ ತೇಯ್ದು ನೆಕ್ಕಿಸೋ ಹಿರ್ಯಾರು ಇನ್ನೂ ಅದಾರ. ಮಾತು ಚುರುಕ ಆಗತಾವಂತ! ವರ್ಷ ತುಂಬದ ಕೂಸಿಗೆ ಜೇನತುಪ್ಪ ಕೊಡಲೇಬಾರದು. ಅದರಾಗ ಇರಬಹುದಾದ ಒಂದು ರೋಗಾಣು ಕೂಸಿನ ಕೈಕಾಲ ಶಕ್ತೀನ ತಗೀತೈತಿ.

ಇನ್ನ ಬುದ್ಧಿ ಮಾತು. ಬೆಲಾರೂಸ್ ದೇಶದಾಗ 1996ರಿಂದ 17 ಸಾವಿರ ಕೂಸುಗಳ್ನ ನೋಡ್ಕೋತ ಬಂದ್ರು. ಕೆಲವು ಆಸ್ಪತ್ರ್ಯಾಗ ತಾಯಂದಿರಿಗೆ ಮಲಿ ಕುಡಸಾಕ ಚೊಲೊ ಹೇಳಿಕೊಟ್ಟು ಆಸರಾದ್ರು. ಆರೂವರಿ ವರ್ಷಕ್ಕ ಆ ಮಕ್ಕಳು ಮಾತಿನ ಪರೀಕ್ಷಾದಾಗ ಮುಂದ ಇದ್ವು. 16 ವರ್ಷಕ್ಕ ಮತ್ತ ನೋಡಿದ್ರ ಅಂತರ ಭಾಳ ಇಳದಿತ್ತು. ಹಿಂಗಿದ್ದ ಮ್ಯಾಲ ಹಾಲು ಕಡಿಮಿ ಬಂದಾಕಿನ್ನ ಯಾಕ ಹಂಗಸ್ತೀರಿ? ಕೂಸಿನ ಜೋಡಿ ಮಾತಾಡೂದು, ಜೋಗುಳ ಹಾಡೂದು, ಅತ್ತಾಗ ಎತ್ತಿಕೊಳ್ಳೂದು, ಇದರಿಂದನೂ ಮೆದುಳು ಬೆಳಿತೈತಿ. ಅದನ್ನ ಅಪ್ಪನೂ ಮಾಡಬಹುದು, ಆಯಿನೂ ಮಾಡಬಹುದು.

2017ರ ಕಾಯ್ದೆದಾಗ ನೌಕರಿ ಇದ್ದಾಕಿಗೆ 26 ವಾರ ಪಗಾರದ ರಜಾ ಬಂತು. ತಿಕೋಟಾದ ದ್ರಾಕ್ಷಿ ಪಡದಾಗ ದಿನಗೂಲಿ ಮಾಡಾಕಿಗೆ ಯಾವ ರಜಾ? ಅದೇ ವರ್ಷ ಅಕ್ಟೋಬರ್ 2ಕ್ಕ ಮಾತೃಪೂರ್ಣ ಸುರು ಆತು, ಅಂಗನವಾಡ್ಯಾಗ ಬಸರಿ-ಬಾಣಂತ್ಯಾರಿಗೆ ಬಿಸಿ ಊಟ. ಆ ಊಟಕ್ಕ ಹೋಗ್ತೀನಂದ್ರ "ಬಾಣಂತಿ ಹೊರಗ ಬೀಳಬಾರದು" ಅಂತಾರ. ಮೂರು ತಿಂಗಳಿಗೆ ಕೂಲಿಗೆ ಕಳಸಾಕ ಮಾತ್ರ ಏನೂ ಅಡ್ಡಿಲ್ಲ!

ಹೊಲದ ಮಾಲಕರು ಗಿಡದ ನೆರಳಿಗೆ ಜೋಳಿಗಿ ಕಟ್ಟಾಕ, ನಡುವ ಎದ್ದು ಹೋಗಿ ಕುಡಸಾಕ ಬಿಡಬೇಕು, ಕೂಲಿ ಮುರೀಬಾರದು. ಮನ್ಯಾಗ 6 ತಿಂಗಳ ರೊಟ್ಟಿ ಕೆಲಸ ಅತ್ತಿ, ನಾದಿನಿ, ಗಂಡ ಹಂಚಿಕೊಳ್ಳಲಿ. ಗಂಡಸರಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲಂದ್ರ ಅನ್ನಕ್ಕರ ಇಡಲಿ.