ಸಿಂಗಾಪುರದ ಒಂದು ಬಾಟಲಿ ನೀರು, ನಮ್ಮ ಕೋಲಾರದ ಕೆರೆ

2018ರ ಜನವರಿ. ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ನಾವು ನಾಲ್ಕು ಜನ ಗೆಳೆಯರು ಸಿಂಗಾಪುರಕ್ಕೆ ಹೊರಟ್ವಿ. ನಾಲ್ಕೂ ಜನ ಕೋಲಾರ ಜಿಲ್ಲೆಯವರೇ. ಹಾಸ್ಟೆಲಿನಲ್ಲಿ ನಮ್ಮನ್ನ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ. ಒಬ್ಬ ಕೋಲಾರ, ಒಬ್ಬ ಮಾಲೂರು, ಒಬ್ಬ ಮುಳಬಾಗ್ಲು. ನಾನು ಶ್ರೀನಿವಾಸಪುರ, ಹಾಗಾಗಿ ‘ಮಾವಿನಕಾಯಿ’ :). ಆಫರ್‌ನಲ್ಲಿ ಸಿಕ್ಕ ಅಗ್ಗದ ಟಿಕೆಟ್ಟು, ಲಿಟ್ಲ್ ಇಂಡಿಯಾದಲ್ಲಿ ಎಂಟು ಮಂಚದ ಡಾರ್ಮಿಟರಿ, ಮನೆಯಲ್ಲಿ "ಕಾಲೇಜ್ ಟೂರು" ಅಂತ ಹೇಳಿದ ಅರ್ಧ ಸುಳ್ಳು. ಅಷ್ಟೇ ನಮ್ಮ ಬಂಡವಾಳ.

ಮೊದಲ ದಿನವೇ ಕೋಲಾರ ಕಳೆದುಹೋದ. ಮೆಟ್ರೋ ಬಾಗಿಲು ಹಾಕಿಕೊಳ್ತು, ಅವನು ಪ್ಲಾಟ್‌ಫಾರ್ಮಿನಲ್ಲೇ ಉಳಿದ. ಅವನ ಹತ್ತಿರ ಸಿಮ್ ಇಲ್ಲ. ನಾವು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬಂದ್ರೆ ಅವನು ನಮ್ಮನ್ನ ಹುಡುಕಿಕೊಂಡು ಮುಂದಿನ ರೈಲು ಹತ್ತಿದ್ದ. ಎರಡು ಗಂಟೆ ಅಲೆದು, ಇನ್ನು ಅವರಪ್ಪನಿಗೆ ಏನು ಹೇಳೋದು ಅಂತ ಬೆವೆತು ಡಾರ್ಮಿಟರಿಗೆ ಬಂದ್ರೆ, ಅಯ್ಯಾ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿಂತಿದ್ದ!

ಎರಡನೇ ರಾತ್ರಿ ಮರೀನಾ ಬೇ ದೀಪ ನೋಡ್ತಾ ಕೊನೇ ಮೆಟ್ರೋ ತಪ್ಪಿಸಿಕೊಂಡ್ವಿ. ಟ್ಯಾಕ್ಸಿಗೆ ದುಡ್ಡು ಕೊಡೋಕೆ ಮನಸ್ಸಿಲ್ಲ. ತೆಲುಗು, ಕನ್ನಡ ಎರಡೂ ಬೆರೆಸಿ ಹರಟೆ ಹೊಡೀತಾ ಸೆರಂಗೂನ್ ರಸ್ತೆವರೆಗೂ ನಡೆದೇ ಬಂದ್ವಿ. ದಾರಿ ಕೇಳೋದು ಮಾಲೂರು ಕೆಲಸ, ಯಾಕಂದ್ರೆ ಅವನಿಗೆ ತಮಿಳು ಚೆನ್ನಾಗಿ ಬರ್ತಿತ್ತು. ಬೆಳಗ್ಗೆ ದೋಸೆ ತಿಂದು ಮುಳಬಾಗ್ಲು ಮುಖ ಕಿವುಚಿದ. "ಇದನ್ನ ದೋಸೆ ಅಂತಾರೇನೋ? ನಮ್ಮೂರಿಗೆ ಬರ್ಲಿ ಇವ್ರು."

ಆದ್ರೆ ಆ ನಾಲ್ಕು ದಿನದಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಕಟ್ಟಡಗಳಲ್ಲ, ನೀರು. ಮೊದಲೆರಡು ದಿನ ಅಂಗಡಿಯಲ್ಲಿ ಬಾಟಲಿ ಕೊಂಡು ಕುಡಿದ್ವಿ. ಒಂದಕ್ಕೆ ಹತ್ತಿರ ಹತ್ತಿರ ನೂರು ರೂಪಾಯಿ. ಮೂರನೇ ದಿನ ಡಾರ್ಮಿಟರಿ ನೋಡಿಕೊಳ್ಳೋ ಆಂಟಿ ನಕ್ಕು ನಲ್ಲಿ ತೋರಿಸಿದ್ರು. ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ನಲ್ಲಿ ನೀರನ್ನ ನೇರವಾಗಿ ಕುಡಿಯೋದಾ? ನಮ್ಮೂರಲ್ಲಿ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಆರ್‌ಓ ಘಟಕಕ್ಕೆ ಕ್ಯಾನ್ ಹಿಡಿದು ಹೋಗಿ, ಕಾಯಿನ್ ಹಾಕಿ ತರೋರು ನಾವು.

ಕೊನೇ ದಿನ ವಿಮಾನಕ್ಕೆ ಇನ್ನೂ ಆರು ಗಂಟೆ ಇತ್ತು, ಜೇಬಲ್ಲಿ ಕಾಸಿರಲಿಲ್ಲ. ಏರ್‌ಪೋರ್ಟ್ ಕಡೆಗೆ ಪುಕ್ಕಟೆಯಾಗಿ ನೋಡೋದು ಏನಿದೆ ಅಂತ ಹುಡುಕಿ ಮಾಲೂರು ನಮ್ಮನ್ನ ‘ನ್ಯೂವಾಟರ್’ ಅನ್ನೋ ಕಡೆ ಎಳೆದುಕೊಂಡು ಹೋದ. ಅದು ಚರಂಡಿ ನೀರನ್ನ ಶುದ್ಧ ಮಾಡೋ ಕಾರ್ಖಾನೆ. ನೋಡೋಕೆ ಬರೋರಿಗೆ ಅಂತಲೇ 2003ರಲ್ಲಿ ಒಂದು ಕೇಂದ್ರ ತೆರೆದಿದ್ರು (2024ರಲ್ಲಿ ಅದನ್ನ ಮುಚ್ಚಿದ್ರು). ಶಾಲೆ ಮಕ್ಕಳ ಜೊತೆ ಸೇರಿ ನಾವೂ ನೋಡಿದ್ವಿ. ಮಾಮೂಲಿ ಸಂಸ್ಕರಣೆ ಮುಗಿದ ನೀರಿಗೆ ಇನ್ನೂ ಮೂರು ಹಂತ. ಮೊದಲು ಸೂಕ್ಷ್ಮ ಸೋಸುವಿಕೆ, ಆಮೇಲೆ ಆರ್‌ಓ, ಕೊನೆಗೆ ಅತಿನೇರಳೆ ಬೆಳಕು. ಹೊರಗೆ ಬರುವಾಗ ಕೈಗೊಂದು ಬಾಟಲಿ ಕೊಟ್ರು. ಕೋಲಾರ ಮೊದಲು ಮೂಸಿ ನೋಡಿದ, ಆಮೇಲೆ ಗಟಗಟ ಕುಡಿದ. "ಏನೂ ಇಲ್ವಲ್ಲೋ, ನೀರೇ!"

ಆ ದೇಶ ಇಡೀ ಸೇರಿಸಿದ್ರೂ ನಮ್ಮ ಜಿಲ್ಲೆಯ ಐದನೇ ಒಂದು ಭಾಗಕ್ಕಿಂತ ಚಿಕ್ಕದು. ಮಳೆ ಮಾತ್ರ ನಮ್ಮ ಮೂರು ಪಟ್ಟು. ಆದ್ರೆ ಹಿಡಿದಿಡೋಕೆ ಜಾಗ ಸಾಲದು. ಹಾಗಾಗಿ 1962ರ ಒಪ್ಪಂದದಂತೆ ಪಕ್ಕದ ಮಲೇಷ್ಯಾದ ಜೊಹೋರ್‌ನಿಂದ ಪೈಪಿನಲ್ಲಿ ನೀರು ತರಿಸ್ತಾರೆ. ಆ ಒಪ್ಪಂದ 2061ಕ್ಕೆ ಮುಗಿಯುತ್ತೆ. ಅದಕ್ಕೇ ಚರಂಡಿ ನೀರಿಗೂ ಕೈ ಹಾಕಿದ್ರು. ಹೆಚ್ಚಿನದು ಕಾರ್ಖಾನೆಗಳಿಗೆ ಹೋಗುತ್ತೆ, ಮಳೆ ಕಡಿಮೆಯಾದಾಗ ಸ್ವಲ್ಪ ಜಲಾಶಯಕ್ಕೆ ಸೇರುತ್ತೆ. 2002ರ ಆಗಸ್ಟ್ 9ರ ರಾಷ್ಟ್ರೀಯ ದಿನದಂದು ಆಗಿನ ಪ್ರಧಾನಿ ಗೋ ಚೋಕ್ ಟಾಂಗ್ ಸುಮಾರು 60,000 ಜನರ ಜೊತೆ ನಿಂತು ಅದೇ ನೀರನ್ನ ಎಲ್ಲರೆದುರು ಕುಡಿದ್ರು.

ನಾವು ವಾಪಸ್ ಬಂದು ಐದು ತಿಂಗಳಿಗೆ, ಅಂದ್ರೆ 2018ರ ಜೂನಿನಲ್ಲಿ, ನಮ್ಮ ಜಿಲ್ಲೆಗೂ ಅಂಥದೇ ನೀರು ಬಂತು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ತುಂಬಿಸೋದು ಗುರಿ. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟು ಸೆಪ್ಟೆಂಬರಿನಲ್ಲಿ ತೆರವು ಮಾಡ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು, ಏಪ್ರಿಲಿನಲ್ಲಿ ಅದೂ ಹೋಯ್ತು. ಮೂರನೇ ಹಂತದ ಸಂಸ್ಕರಣೆ ಆಗಲಿ ಅನ್ನೋದು ಹೋರಾಟಗಾರರ ಬೇಡಿಕೆ.

ನಾನೀಗ ಬೆಂಗಳೂರಲ್ಲಿ ಬೆಳ್ಳಂದೂರಿನ ಕಡೆ ಇದೀನಿ. ಅಂದ್ರೆ ಬೆಳಗ್ಗೆ ನಾನು ಸ್ನಾನ ಮಾಡಿದ ನೀರು ನನ್ನ ಗೆಳೆಯ ಕೋಲಾರನ ಊರಿನ ಕೆರೆಗೆ ಹೋಗಿರಬಹುದು! ಅವನ ಮನೆ ನರಸಾಪುರದ ಹತ್ತಿರ. ಹೋದ ತಿಂಗಳು ಹೋಗಿದ್ದಾಗ ಅವರಪ್ಪನ ಜೊತೆ ಇದೇ ಮಾತು ತೆಗೆದೆ. "ಏನಪ್ಪಾ, ಸಿಂಗಾಪುರ ನೋಡ್ಕೊಂಡ್ ಬಂದೋನು ನೀನು. ಸಾವಿರದಿನ್ನೂರು ಅಡಿ ಕೊರೆಸಿ ಬರೀ ಧೂಳು ಬಂದಿದ್ದು ನೋಡಿದೀಯಾ? ಈಗ ಬೋರಲ್ಲಿ ನೀರೈತೆ. ಅದನ್ನೂ ನಿಲ್ಲಿಸಬೇಡ್ರಪ್ಪಾ" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ತೋಟದಲ್ಲೇ ಬೋರು ಒಣಗಿ, ಅಪ್ಪ ಟ್ಯಾಂಕರಿನಲ್ಲಿ ಮಾವಿನ ಗಿಡಕ್ಕೆ ನೀರು ಹಾಕಿಸಿದ ವರ್ಷ ಇದೆ.

ಅವರು ಹೇಳಿದ್ದು ಸರಿ. ನೀರು ನಿಲ್ಲಬಾರದು. ಮರುಬಳಕೆ ನೀರು ಅಂದ್ರೆ ಮೂಗು ಮುಚ್ಚಿಕೊಳ್ಳೋರ ಪಕ್ಷ ನಾನಲ್ಲ, ಅದನ್ನ ಕುಡಿದೇ ಬಂದವನು. ನನ್ನ ತಕರಾರು ಬೇರೆ. ಈ ನೀರು ಕುಡಿಯೋಕಲ್ಲ, ಅಂತರ್ಜಲ ಹೆಚ್ಚಿಸೋಕೆ ಮಾತ್ರ ಅಂತಾರೆ. ಆದ್ರೆ ಕೆರೆ ನೀರು ಭೂಮಿಗೆ, ಭೂಮಿಯದು ಬೋರಿಗೆ, ಬೋರಿನದು ಬಿಂದಿಗೆಗೆ ತಾನೇ ಬರೋದು? ವರ್ಷವಿಡೀ ಹರಿಯೋ ನದಿಯಿಲ್ಲದ ಜಿಲ್ಲೆಯಲ್ಲಿ ಕುಡಿಯೋ ನೀರು, ಕೆರೆ ನೀರು ಅಂತ ಗೆರೆ ಎಳೆಯೋದು ಹೇಗೆ?

ಸಿಂಗಾಪುರದ ಹತ್ತಿರ ದುಡ್ಡಿದೆ, ನಮ್ಮ ಹತ್ತಿರ ಇಲ್ಲ ಅಂತೀರಾ? ಮೂರನೇ ಹಂತಕ್ಕೆ ದುಡ್ಡು ಬೇಕು, ಒಪ್ಪಿದೆ. ಬಳಸಿ ಬಿಟ್ಟ ನಾವು ಬೆಂಗಳೂರಿನವರು ಅದರ ಖರ್ಚಿನಲ್ಲಿ ಪಾಲು ಕೊಡೋದು ನ್ಯಾಯ ಅಂತ ನನಗನ್ನಿಸುತ್ತೆ. ಆದ್ರೆ ಬಾಗಿಲು ತೆರೆದು ತೋರಿಸೋಕೆ ಎಷ್ಟು ಖರ್ಚು? ಪ್ರತಿ ಕೆರೆಯ ಏರಿ ಮೇಲೆ ಒಂದು ಬೋರ್ಡು ಹಾಕಿ, ಈ ತಿಂಗಳ ನೀರಿನ ಪರೀಕ್ಷೆಯಲ್ಲಿ ಏನು ಬಂತು ಅಂತ ಕನ್ನಡದಲ್ಲಿ ಬರೆಯಲಿ. ಮಾಲೂರು, ಮುಳಬಾಗಿಲು ಶಾಲೆ ಮಕ್ಕಳನ್ನ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಸಂಸ್ಕರಣಾ ಘಟಕ ತೋರಿಸಲಿ. ಅಲ್ಲಿ ಯಾರೋ ಅಂತ ಗೊತ್ತಿಲ್ಲದ ನಾಲ್ಕು ಹುಡುಗರಿಗೆ ಎಲ್ಲಾ ತೋರಿಸಿ ಬಾಟಲಿ ಕೊಟ್ಟು ಕಳಿಸಿದ್ರು. ಇಲ್ಲಿ ಆ ನೀರಿನ ಜೊತೆ ಬದುಕೋ ರೈತನಿಗೆ ತೋರಿಸಬಾರದಾ?

ಆ ಖಾಲಿ ಬಾಟಲಿ ಇವತ್ತೂ ಕೋಲಾರನ ಮನೆ ಟಿವಿ ಪಕ್ಕದಲ್ಲಿದೆ. ಅವರಮ್ಮ ಅದರಲ್ಲಿ ಮನಿಪ್ಲಾಂಟ್ ಬೆಳೆಸಿದಾರೆ. ನೀರು ಮಾತ್ರ ಆರ್‌ಓ ಘಟಕದ್ದಲ್ಲ, ಬೋರಿನದು :)

ನಿಮ್ಮೂರಿನ ಕೆರೆಗೆ ಏನು ಬರ್ತಿದೆ ಅಂತ ನಿಮಗೆ ಗೊತ್ತಾ? ಗೊತ್ತಿದ್ರೆ ನೀವೂ ಬರೀರಿ.