ಬೀದರಿಗೆ ಎರಡು ಪಾಲಿನ ಅಭಿಮಾನ

1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್‌ಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದುವು. ಅಲ್ಲಿಯ ಜನರಿಗೆ ರಾಜಧಾನಿ ಹೈದರಾಬಾದ್ ಹೋಗಿ ಬೆಂಗಳೂರಾಯಿತು. ಸರಿಯಾಗಿ ಒಂದು ತಿಂಗಳಿಗೆ, ಮೆಲ್ಬೋರ್ನ್ ಒಲಿಂಪಿಕ್ಸ್‌ನ ಕಾಲ್ಚೆಂಡಿನ ಕಣಕ್ಕೆ ಭಾರತ ಇಳಿಯಿತು. ತಂಡದ ಗುರು ಸೈಯದ್ ಅಬ್ದುಲ್ ರಹೀಮರು ಹೈದರಾಬಾದಿನವರು. ಆಟಗಾರರಲ್ಲಿ ಒಬ್ಬರಾದ ಕೆಂಪಯ್ಯನವರು ಬೆಂಗಳೂರಿನವರು.

ಡಿಸೆಂಬರ್ 1ರಂದು ಆಸ್ಟ್ರೇಲಿಯ ತಂಡವು 4-2ರಿಂದ ಸೋತಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಒಲಿಂಪಿಕ್ ಸೆಮಿಫೈನಲ್ ತಲುಪಿದ ಏಷ್ಯದ ಮೊದಲ ತಂಡವೆಂಬ ಕೀರ್ತಿ ಭಾರತದ್ದಾಯಿತು. ಅಲ್ಲಿ ಯುಗೋಸ್ಲಾವಿಯದ ಮೇಲೆ ಮೊದಲ ಗೋಲೂ ನೆವಿಲ್ ಅವರದೇ. ಆ ಮುನ್ನಡೆ ಬಹಳ ಹೊತ್ತು ನಿಲ್ಲಲಿಲ್ಲ, 1-4ರಿಂದ ಸೋಲಾಯಿತು. ಕಂಚಿನ ಪದಕದ ಪಂದ್ಯವನ್ನೂ ಬಲ್ಗೇರಿಯ 3-0ರಿಂದ ಗೆದ್ದಿತು. ನಾಲ್ಕನೆಯವರಿಗೆ ಪದಕವೆಲ್ಲಿಯದು?

ರಹೀಮರು ಬಿಡಲಿಲ್ಲ. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ, ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅವರ ತಂಡ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ಗಳಿಸಿತು. ಆ ತಂಡದಲ್ಲಿಯೂ ಬೆಂಗಳೂರಿನ ಅರುಮೈನಾಯಗಂ ಇದ್ದರು. ಮರುವರ್ಷದ ಜೂನ್‌ನಲ್ಲಿ ರಹೀಮರು ಕಾಲವಾದರು.

ಗುರು ಹಳೆಯ ರಾಜಧಾನಿಯವರು, ಶಿಷ್ಯರು ಹೊಸ ರಾಜಧಾನಿಯವರು. ಇಬ್ಬರನ್ನೂ ನಮ್ಮವರೆನ್ನುವ ಹಕ್ಕು ಬೀದರಿನವರಿಗಿದೆ. ನಕ್ಷೆಯಲ್ಲಿ ಬದಲಾದ ಗಡಿ ಅದನ್ನು ಕಸಿದುಕೊಳ್ಳಲಿಲ್ಲ.