ನರೆತ ತಲೆಗೂ ಸಾಲದ ಗಡುವಿಗೂ ನಂಟು

ಕಳೆದ ಸಂತೆಯ ದಿನ ರಾಯದುರ್ಗದ ಬೀಜದಂಗಡಿ ಕಟ್ಟೆಯ ಮೇಲೆ ಕೂತಿದ್ದೆ. ಗೆಳೆಯರ ಮಗ, ಡಿಗ್ರಿ ಓದಿದ ಹುಡುಗ, ನನ್ನ ತಲೆ ನೋಡಿ, "ಮಾಮಾ, ಚಿಂತೆಯಿಂದ ಕೂದಲು ಬೆಳ್ಳಗಾಗ್ತದೆ ಅಂತ ವಿಜ್ಞಾನ ಈಗ ಹೇಳ್ತದೆ. ನಮ್ಮ ಕುರಾನು ಎಂದೋ ಹೇಳೈತಿ" ಅಂದ. ಪಕ್ಕದ ವ್ಯಾಪಾರಿ ನಕ್ಕರು. ನನಗೆ ನಗು ಬರಲಿಲ್ಲ.

ಹುಡುಗ ಹೇಳಿದ್ದರಲ್ಲಿ ಹುರುಳಿದೆ. ಕುರಾನಿನ 73ನೇ ಅಧ್ಯಾಯದ 17ನೇ ವಾಕ್ಯದಲ್ಲಿ ಮಕ್ಕಳ ತಲೆಯನ್ನೂ ನರೆಸುವಂಥ ಘೋರ ದಿನದ ಮಾತು ಬರುತ್ತದೆ. ಹೂದ್ ಮತ್ತು ಅಂಥ ಕೆಲವು ಅಧ್ಯಾಯಗಳ ಭಾರವೇ ತಮ್ಮ ತಲೆ ನರೆಸಿತೆಂದು ಪ್ರವಾದಿಯವರು ಹೇಳಿದ್ದು ತಿರ್ಮಿಝಿಯವರ ಹದೀಸ್ ಸಂಗ್ರಹದಲ್ಲಿದೆ.

ಇನ್ನು ವಿಜ್ಞಾನ. 2020ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಒತ್ತಡ ಬಿದ್ದಾಗ ನರಗಳು ನಾರ್‌ಅಡ್ರಿನಲಿನ್ ಎಂಬ ರಸ ಸುರಿಸುತ್ತವೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳ ಬೀಜದ ದಾಸ್ತಾನು ಅದರಿಂದ ಒಮ್ಮೆಗೇ ಖರ್ಚಾಗಿಬಿಡುತ್ತದೆ. ಬಿತ್ತನೆ ಬೀಜವನ್ನೇ ಉಂಡ ಮನೆಯಂತೆ, ಮುಂದಿನ ಬೆಳೆಗೆ ಏನೂ ಉಳಿಯದು. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನರ ಕೂದಲು ಪರೀಕ್ಷಿಸಿದರು. ಒಬ್ಬರು ರಜೆಯ ಮೇಲೆ ಹೋದಾಗ ಅವರ ಐದು ಬಿಳಿ ಕೂದಲು ಮತ್ತೆ ಕಪ್ಪಾಗಿದ್ದವು! ಹಾಗಂತ ನರೆಯೆಲ್ಲ ಚಿಂತೆಯದಲ್ಲ. ವಯಸ್ಸು, ವಂಶವೂ ಕಾರಣ.

ಆದರೆ ಒಂದನ್ನು ಇನ್ನೊಂದಕ್ಕೆ ಸರ್ಟಿಫಿಕೇಟು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆ ವಾಕ್ಯ ಕೂದಲಿನ ಪಾಠವಲ್ಲ, ಲೆಕ್ಕ ಒಪ್ಪಿಸುವ ದಿನದ ಎಚ್ಚರಿಕೆ. ಚಿಂತೆಗೆ ತಲೆ ನರೆಯುತ್ತದೆಂದು ಕನ್ನಡದ ಅಜ್ಜಿಯೂ ಬಲ್ಲಳು, 'ತಲ ನೆರಿಸಿಂದಿ' ಎನ್ನುವ ತೆಲುಗಿನ ಅವ್ವಳೂ ಬಲ್ಲಳು.

ಗ್ರಂಥ ವಿಜ್ಞಾನವನ್ನು ಮೀರಿಸುವುದು ಬೇರೆ ಕಡೆ. ಎರಡನೇ ಅಧ್ಯಾಯದ 280ನೇ ವಾಕ್ಯ ನೋಡ್ರಿ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಗಡುವು ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಅದರ ತಾತ್ಪರ್ಯ. ನರೆ ಹೇಗೆ ಬರುತ್ತದೆಂದು ಸೂಕ್ಷ್ಮದರ್ಶಕ ತೋರಿಸೀತು. ಸಾಲ ಕೊಟ್ಟವನ ಕೈ ಹಿಡಿದು ನಿಲ್ಲಿಸಲಾರದು.

ನನಗೆ ಮೂವತ್ತನಾಲ್ಕು ವರ್ಷವಿದ್ದಾಗ ಬೋರು ಬತ್ತಿ ಶೇಂಗಾ ಒಣಗಿತು. ಆ ವರ್ಷವೇ ಕಿವಿಯ ಬದಿ ಬೆಳ್ಳಗಾಯಿತು. ಬೀಜ, ಗೊಬ್ಬರ ಉದ್ರಿ ಕೊಟ್ಟಿದ್ದ ವ್ಯಾಪಾರಿ, "ಮುಂದಿನ ಬೆಳೆಗೆ ನೋಡೋಣ, ಹೋಗಿ ಮಲಕ್ಕೋ" ಅಂದರು. ಕೂದಲು ಮತ್ತೆ ಕಪ್ಪಾಗಲಿಲ್ಲ. ನಿದ್ದೆ ಬಂತು. ಅಷ್ಟೂ ಬಾಕಿ ಮರುವರ್ಷ ತೀರಿಸಿದೆ.

ಹುಡುಗನಿಗೆ ಇದನ್ನೇ ಹೇಳಿದೆ: "ಅಪ್ಪಾ, 73ನೇದು ತೋರಿಸಿದಿ, ಸಂತೋಷ. ಎರಡನೇದನ್ನು ನಿಮ್ಮಪ್ಪನ ಉದ್ರಿ ಪುಸ್ತಕದ ಪಕ್ಕ ಇಟ್ಟು ಓದು." ನಕ್ಕಿದ್ದ ವ್ಯಾಪಾರಿ ಈ ಸಲ ನಗಲಿಲ್ಲ.

ಮಳೆ ಕೈಕೊಟ್ಟ ವರ್ಷ ಬಾಕಿ ಕೇಳಲು ಹೊರಡುವವರು, ಯಾವ ಧರ್ಮದವರೇ ಆಗಲಿ, ಎದುರಿಗೆ ನಿಂತವನ ತಲೆಯನ್ನೊಮ್ಮೆ ನೋಡಿ ಮಾತಾಡಲಿ.